ಹೆದ್ದಾರಿಯಿಂದ ಕಂಡ ಕರಾವಳಿ: ಉತ್ತರ ಕನ್ನಡದ ಐತಿಹಾಸಿಕ ಮೋಟಾರು ಪ್ರವಾಸವನ್ನು ಕುರಿತು

ಕಾಲೇಜುಗಳ ಚರಿತ್ರೆಯ ವಿಭಾಗಗಳು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಐತಿಹಾಸಿಕ ಸ್ಥಳಗಳ ದರ್ಶನಕ್ಕೆ ಕರೆದೊಯ್ಯುವ ವಾಡಿಕೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಂಪೆ, ಬಾದಾಮಿ, ಬೇಲೂರುಗಳ ಸರದಿ ಮುಗಿದ ಮೇಲೆ ಅಧ್ಯಾಪಕರ ಲಕ್ಷ್ಯ ಸಾಮಾನ್ಯವಾಗಿ ಕರಾವಳಿಯ ಕಡೆಗೆ ತಿರುಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಸಮುದ್ರತೀರ ಇಂಥ ಪ್ರವಾಸಕ್ಕೆ ಹೇಳಿಮಾಡಿಸಿದಂತಿದೆ. ಕಾಳಿ ನದಿಯ ಅಳಿವೆಯಲ್ಲಿರುವ ಸದಾಶಿವಗಡದಿಂದ ಹೊರಟು ದಕ್ಷಿಣದ ಭಟ್ಕಳವನ್ನು ಮುಟ್ಟಲು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 130 ಕಿಲೋಮೀಟರುಗಳ ದಾರಿ. ನಡುವೆ ಕಾರವಾರ, ಅಂಕೋಲೆ, ಗೋಕರ್ಣ, ಮಿರ್ಜಾನ, ಕುಮಟೆ, ಹೊನ್ನಾವರ, ಮುರ್ಡೇಶ್ವರ. ಬೆಳಿಗ್ಗೆ ಹೊರಟ ವಾಹನ ಸಂಜೆಯ ಹೊತ್ತಿಗೆ ಇವಿಷ್ಟನ್ನೂ ತೋರಿಸಿ ಮುಗಿಸುತ್ತದೆ. ಈ ಮಾರ್ಗಕ್ರಮ ಇಂದು ಎಷ್ಟು ರೂಢಿಯಾಗಿದೆಯೆಂದರೆ, ಬಾಡಿಗೆ ಮೋಟಾರಿನ ಚಾಲಕರಿಗೂ ಅದು ಬಾಯಿಪಾಠವಾಗಿದೆ.

ಈ ಪ್ರವಾಸವನ್ನು ಒಂದು ಚರಿತ್ರಗ್ರಂಥವೆಂದೇ ಭಾವಿಸಿ ಅದರ ಗುಣದೋಷಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಗ್ರಂಥವೆಂಬ ಮಾತು ಅತಿಶಯವಾಗಿ ತೋರಬಹುದು. ಆದರೆ ತಂಗುದಾಣಗಳ ಆಯ್ಕೆ, ಅವುಗಳ ಅನುಕ್ರಮ, ಒಂದೊಂದಕ್ಕೆ ಕೊಟ್ಟ ಕಾಲ, ಅಲ್ಲಿ ಹೇಳುವ ಮಾತು, ಬಿಟ್ಟುಹೋಗುವ ಊರು—ಇವೆಲ್ಲ ಕೂಡಿ ವಿದ್ಯಾರ್ಥಿಯ ಮನಸ್ಸಿನಲ್ಲಿ ಆ ಪ್ರಾಂತದ ಒಂದು ಚರಿತ್ರೆಯನ್ನು ರಚಿಸುತ್ತವೆ. ಪಠ್ಯಪುಸ್ತಕದ ಅಧ್ಯಾಯಕ್ಕಿಂತ ಅದು ಹೆಚ್ಚು ದಿನ ನಿಲ್ಲುತ್ತದೆ. ಪುಸ್ತಕದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಕಣ್ಣಾರೆ ಕಂಡೆನೆಂಬ ವಿಶ್ವಾಸದಿಂದ ಬೇರೂರಿದ ತಪ್ಪನ್ನು ತಿದ್ದುವುದು ಸುಲಭವಲ್ಲ.

ನಮ್ಮ ಆಕ್ಷೇಪಣೆ ಇಷ್ಟು: ಹೆದ್ದಾರಿ ಉತ್ತರದಕ್ಷಿಣವಾಗಿ ಹರಿದಿದೆ, ಈ ಕರಾವಳಿಯ ಚರಿತ್ರೆ ಬಹುಮಟ್ಟಿಗೆ ಪೂರ್ವಪಶ್ಚಿಮವಾಗಿ ನಡೆದಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೆಹೊಳೆಗಳೂ ಭಟ್ಕಳದ ಸಣ್ಣ ಹೊಳೆಯೂ ಘಟ್ಟದಿಂದ ಇಳಿದು ಸಮುದ್ರವನ್ನು ಸೇರುತ್ತವೆ. ಧಾರವಾಡದ ಬಯಲಿನ ನೀರು ಸಹ ಬೇಡ್ತಿಯೆಂಬ ಹೆಸರಿನಿಂದ ಹರಿದು ಕೆಳಗೆ ಗಂಗಾವಳಿಯೆನಿಸಿಕೊಂಡು ಇಲ್ಲಿಯೇ ಕಡಲನ್ನು ಕೂಡುತ್ತದೆ. ಘಟ್ಟದ ಮೇಲಿನ ಮೆಣಸು, ಅಡಕೆ, ಹತ್ತಿಗಳು ಕೆಳಗಿಳಿದವು. ಕೆಳಗಿನ ಉಪ್ಪು, ಒಣಮೀನು, ಕಡಲಾಚೆಯ ಕುದುರೆಗಳು ಮೇಲೇರಿದವು. ಅಳಿವೆಯ ಬಂದರು, ದೋಣಿ ಹೋಗುವ ಕಟ್ಟಕಡೆಯ ಪೇಟೆ, ಘಟ್ಟದ ದಾರಿ, ಮೇಲಿನ ರಾಜಧಾನಿ—ಇವು ನಾಲ್ಕೂ ಸೇರಿ ಒಂದು ಘಟಕ. ಹೆದ್ದಾರಿಯಲ್ಲಿ ಹೋಗುವವನು ಪ್ರತಿಯೊಂದು ಘಟಕದ ಪಶ್ಚಿಮದ ತುದಿಯನ್ನು ಮಾತ್ರ ಕಂಡು, ಕಂಡ ತುದಿಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸುತ್ತಾನೆ. ಅವನ ಮಾಲೆಯಲ್ಲಿ ಮಿರ್ಜಾನವು ಹೊನ್ನಾವರದ ನೆರೆಯೂರು. ಚರಿತ್ರೆಯಲ್ಲಿ ಹೊನ್ನಾವರದ ನಿಜವಾದ ನೆರೆಯೂರು ಗೇರುಸೊಪ್ಪೆ.

ಕಾರವಾರದಿಂದಲೇ ಆರಂಭಿಸೋಣ. ಪ್ರವಾಸಿಗರಿಗೆ ತೋರಿಸುವ ಕಾರವಾರ, ಅಂದರೆ ಕಡಲತೀರ, ಕಚೇರಿಗಳು, 1880ರ ದಶಕದ ಆರಂಭದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಇಲ್ಲಿ ಕೆಲಕಾಲ ಇದ್ದ ರವೀಂದ್ರನಾಥ ಠಾಕೂರರ ಹೆಸರಿನ ದಂಡೆ—ಇದೆಲ್ಲ ಹತ್ತೊಂಬತ್ತನೆಯ ಶತಮಾನದ ಊರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿ, ಕಾರವಾರವನ್ನು ಮುಖ್ಯಸ್ಥಳವನ್ನಾಗಿ ಮಾಡುವ ಮುನ್ನ ಈ ಜಾಗ ಮೀನುಗಾರರ ಒಂದು ಹಳ್ಳಿ. 1638ರಲ್ಲಿ ಆಂಗ್ಲರ ಕೋರ್ಟೀನ್ ಸಂಘದವರು ಮೆಣಸಿನ ಕೀರ್ತಿಯನ್ನು ಕೇಳಿ ಕೋಠಿಯನ್ನು ತೆರೆದಾಗ ಅವರ ಲಕ್ಷ್ಯವಿದ್ದದ್ದು ಹಳೆಯ ಕಾರವಾರದ ಮೇಲೆ. ಅದು ಕಾಳಿಯ ದಂಡೆಯಲ್ಲಿ, ಕಡಲಿನಿಂದ ಒಳಗೆ, ಇಂದಿನ ಕಡವಾಡದ ಕಡೆಗಿತ್ತು. ಹೆದ್ದಾರಿಯಿಂದ ಕಡವಾಡಕ್ಕೆ ಕೆಲವೇ ಕಿಲೋಮೀಟರು. ಆದರೂ ಯಾವ ಪ್ರವಾಸಪಟ್ಟಿಯಲ್ಲಿಯೂ ಆ ಹೆಸರನ್ನು ನಾವು ಕಂಡಿಲ್ಲ. ಸದಾಶಿವಗಡದ ಮೇಲೇರಿದ ವಿದ್ಯಾರ್ಥಿ ಪಶ್ಚಿಮಕ್ಕೆ ಮುಖಮಾಡಿ ಕಡಲನ್ನು ನೋಡುತ್ತಾನೆ. ಆ ಕೋಟೆಯನ್ನು ಕಟ್ಟಿಸಿದವರು ಘಟ್ಟದ ಮೇಲಿನ ಸೋದೆಯ ಅರಸರು. ಸಿರಸಿಯ ಬಳಿಯ ಕಾಡುನಾಡಿನ ಅರಸನಿಗೆ ಕಾಳಿಯ ಬಾಯಲ್ಲಿ ಕೋಟೆಯೇಕೆ ಬೇಕಾಯಿತೆಂಬ ಪ್ರಶ್ನೆ ಪೂರ್ವಕ್ಕೆ ತಿರುಗಿ ನಿಂತವನಿಗೆ ಮಾತ್ರ ಹೊಳೆಯುತ್ತದೆ.

ಅಂಕೋಲೆಯ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಸಂಗತಿಯನ್ನು ಎಲ್ಲ ಅಧ್ಯಾಪಕರೂ ಹೇಳುತ್ತಾರೆ, ಹೇಳಲೇಬೇಕು. ಆದರೆ ಉಪ್ಪು ಈ ಕರಾವಳಿಗೆ ಏನಾಗಿತ್ತೆಂಬುದನ್ನು ಹೇಳದೆ ಸತ್ಯಾಗ್ರಹವನ್ನು ಮಾತ್ರ ಹೇಳಿದರೆ, ಅದು ದಾಂಡಿಯ ಪ್ರತಿಧ್ವನಿಯಂತೆ ಕೇಳಿಸುತ್ತದೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಅಘನಾಶಿನಿಯ ಮೇಲೆ, ಕಡಲಿನಿಂದ ಸಾಕಷ್ಟು ಒಳಗೆ, ಉಪ್ಪಿನಪಟ್ಟಣವೆಂಬ ಹಳ್ಳಿಯಿದೆ. ಉಪ್ಪು ಬೆಳೆಯದ ಜಾಗಕ್ಕೆ ಉಪ್ಪಿನ ಹೆಸರೂ ಪಟ್ಟಣವೆಂಬ ಪದವಿಯೂ ಬಂದದ್ದೇಕೆ? ದೋಣಿಯಲ್ಲಿ ಬಂದ ಉಪ್ಪು ಎತ್ತಿನ ಬೆನ್ನಿಗೇರುತ್ತಿದ್ದ ಸ್ಥಳ ಅದೆಂದು ನಾವು ಊಹಿಸುತ್ತೇವೆ. ಶಾಸನವಿಲ್ಲದ ಊರಿನ ಹೆಸರೂ ಹೀಗೆ ಸಾಕ್ಷ್ಯ ನುಡಿಯಬಲ್ಲದೆಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ. ಮೋಟಾರು ಅಲ್ಲಿಗೆ ಹೋಗುವುದಿಲ್ಲ. ಮುಂದೆ ಮಧ್ಯಾಹ್ನದ ಊಟಕ್ಕೆ ಏರ್ಪಾಡಾಗಿರುತ್ತದೆ.

ಕುಮಟೆಯಲ್ಲಿ ಸಾಮಾನ್ಯವಾಗಿ ಊಟವೇ ಆಗುತ್ತದೆ, ಚರಿತ್ರೆಯಲ್ಲ. ಐತಿಹಾಸಿಕವಾಗಿ ನೋಡತಕ್ಕದ್ದೇನೂ ಅಲ್ಲಿಲ್ಲವೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಗರದಾಚೆಯ ಹತ್ತಿಪೇಟೆಗಳಲ್ಲಿ ‘ಕುಮಟಾ’ ಎಂಬುದು ಒಂದು ಜಾತಿಯ ಹತ್ತಿಯ ಹೆಸರಾಗಿತ್ತು. ಕುಮಟೆಯ ಮಣ್ಣಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದು, ಘಟ್ಟವಿಳಿದು, ಇಲ್ಲಿ ಹಡಗನ್ನೇರಿದ ಹತ್ತಿ. ಬೆಳೆದ ನಾಡಿನ ಹೆಸರು ಹೋಗಿ ಹೊರಟ ಬಂದರಿನ ಹೆಸರು ಉಳಿಯಿತು. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ, ಕುಮಟೆಯೇ ಬಂದರಾಗಿ ಮುಂದುವರಿಯಬೇಕೋ ಕಾರವಾರವನ್ನು ಬೆಳೆಸಬೇಕೋ ಎಂಬುದು ಮುಂಬಯಿ ಸರಕಾರದವರೆಗೆ ಹೋದ ಪ್ರಶ್ನೆಯಾಗಿತ್ತು. 1880ರ ದಶಕದಲ್ಲಿ ರೈಲು ಮುರಗಾವಿಗೆ ಇಳಿದ ಮೇಲೆ ಎರಡು ಬಂದರುಗಳ ಸ್ಪರ್ಧೆಯೂ ಅರ್ಥ ಕಳೆದುಕೊಂಡಿತು. ಇದನ್ನು ತೋರಿಸಲು ಕುಮಟೆಯಲ್ಲಿ ಕೋಟೆಯಿಲ್ಲ, ಗೋಪುರವಿಲ್ಲ, ನಿಜ. ಸಿರಸಿಯ ಕಡೆಗೆ ಏರುವ ರಸ್ತೆಯೇ ಅಲ್ಲಿಯ ಸ್ಮಾರಕ.

ಈಗ ಮಿರ್ಜಾನದ ಕೋಟೆ. ಇಡೀ ಪ್ರವಾಸದಲ್ಲಿ ವಿದ್ಯಾರ್ಥಿಗಳಿಗೆ ಅತ್ಯಂತ ಪ್ರಿಯವಾದದ್ದು ಇದು, ಛಾಯಾಚಿತ್ರಗಳಿಗಂತೂ ಸರಿ. ಜಂಬಿಟ್ಟಿಗೆಯ ಎತ್ತರದ ಗೋಡೆಗಳು, ಗುಂಡಾದ ಕೊತ್ತಲಗಳು, ಮಳೆಗಾಲ ಕಳೆದ ಮೇಲೂ ಗೋಡೆಯನ್ನು ಬಿಡದ ಹಸುರು. ಕೋಟೆಯನ್ನು ಕಟ್ಟಿಸಿದವರು ಯಾರೆಂಬ ಪ್ರಶ್ನೆಗೆ ಇಂದು ಬಹುಜನ ಹೇಳುವ ಉತ್ತರ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಬಿಜಾಪುರದ ಪರವಾಗಿ ಈ ಭಾಗವನ್ನು ಆಳುತ್ತಿದ್ದ ಷರೀಫ್ ಉಲ್ ಮುಲ್ಕನು ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದನೆಂಬ ಹೇಳಿಕೆಯೂ ಇದೆ. ಅದಕ್ಕಿಂತ ಪೂರ್ವದಲ್ಲಿ ನವಾಯತರು ಅಸ್ತಿವಾರ ಹಾಕಿದರೆಂಬ ಮಾತೂ ಇದೆ. ಇವುಗಳಲ್ಲಿ ಯಾವುದನ್ನು ಸ್ವೀಕರಿಸಬೇಕೆಂಬುದು ನಮ್ಮ ಪ್ರಸ್ತುತ ವಿಷಯವಲ್ಲ. ಮೂರು ಹೇಳಿಕೆಗಳಿರುವಾಗ ಒಂದನ್ನೇ ಬಸ್ಸಿನಲ್ಲಿ ಘೋಷಿಸಿ ಇಳಿಸುವ ಅಧ್ಯಾಪಕರ ಪದ್ಧತಿ ನಮಗೆ ಸರಿಕಾಣುವುದಿಲ್ಲ. ಒಂದು ಕಟ್ಟಡಕ್ಕೆ ಒಬ್ಬ ಕರ್ತೃ, ಒಂದು ಇಸವಿ ಎಂಬ ನಿಯಮ ದೇವಾಲಯಕ್ಕೆ ಹೇಗೋ ಒಪ್ಪೀತು. ನದಿಯ ಬಾಯಲ್ಲಿ ಕುಳಿತ ಕೋಟೆಗೆ ಒಪ್ಪುವುದಿಲ್ಲ. ನದಿಯ ಸುಂಕವನ್ನು ಯಾರು ಎತ್ತುತ್ತಾರೋ ಅವರೆಲ್ಲರೂ ಅದನ್ನು ಕಟ್ಟುತ್ತಾರೆ, ಕೆಡಹುತ್ತಾರೆ, ಮತ್ತೆ ಕಟ್ಟುತ್ತಾರೆ.

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು 2000–01ರಲ್ಲಿ ಇಲ್ಲಿ ನಡೆಸಿದ ಉತ್ಖನನದಲ್ಲಿ ಪೋರ್ತುಗೀಜ ವೈಸರಾಯಿಯೊಬ್ಬನ ಹದಿನೇಳನೆಯ ಶತಮಾನದ ಚಿನ್ನದ ನಾಣ್ಯ, ತೋಪಿನ ಗುಂಡುಗಳು, ಚೀನೀ ಪಿಂಗಾಣಿಯ ಚೂರುಗಳು ದೊರೆತವು. ರಾಣಿ ಕಟ್ಟಿಸಿದಳೆಂದು ಕೇಳಿ ಒಳಹೊಕ್ಕವನು ಈ ಪಿಂಗಾಣಿಯ ಚೂರನ್ನು ಎಲ್ಲಿಡಬೇಕೆಂದು ತಿಳಿಯದೆ ಬಿಟ್ಟುಬಿಡುತ್ತಾನೆ. ಘಟ್ಟದ ಮೆಣಸು ಇಲ್ಲಿಂದ ಹೊರಟಿತೆಂದು ತಿಳಿದು ಒಳಹೊಕ್ಕವನಿಗೆ ಅದೇ ಚೂರು ಇಡೀ ಕೋಟೆಗಿಂತ ದೊಡ್ಡದಾಗಿ ಕಾಣಬಹುದು.

ಚೆನ್ನಭೈರಾದೇವಿಯ ಪ್ರಸಕ್ತಿ ಬಂದುದರಿಂದ ಗೇರುಸೊಪ್ಪೆಗೆ ಹೋಗೋಣ. ಪ್ರವಾಸದ ಅತ್ಯಂತ ದೊಡ್ಡ ಲೋಪ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಹೊನ್ನಾವರದಿಂದ ಗೇರುಸೊಪ್ಪೆ ಸುಮಾರು 30 ಕಿಲೋಮೀಟರು ಪೂರ್ವಕ್ಕಿದೆ. ಕರಾವಳಿಯ ಪ್ರವಾಸವೆಂದು ಹೊರಟವರು ಅದನ್ನು ಒಳನಾಡೆಂದು ಬಿಡುತ್ತಾರೆ. ಜೋಗದ ಪ್ರವಾಸವೆಂದು ಹೊರಟವರು ಅದೇ ರಸ್ತೆಯಲ್ಲಿ ಹೋಗುತ್ತಾರಾದರೂ ಜಲಪಾತದ ಆತುರದಲ್ಲಿ ನಿಲ್ಲುವುದಿಲ್ಲ. ಹೀಗೆ ಎರಡು ಪ್ರವಾಸಗಳ ನಡುವೆ ಒಂದು ರಾಜಧಾನಿ ಕಳೆದುಹೋಗಿದೆ. ಆಂಗ್ಲರು ಜೋಗವನ್ನು ಗೇರುಸೊಪ್ಪೆಯ ಜಲಪಾತವೆಂದು ಕರೆದದ್ದು ಇಲ್ಲಿ ಸ್ಮರಣೀಯ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವೇರಿ ಜಲಪಾತವನ್ನು ನೋಡುತ್ತಿದ್ದವರಿಗೆ ಆ ಹೆಸರು ಸಹಜವಾಗಿತ್ತು.

ನಗರಬಸ್ತಿಕೇರಿಯ ಕಾಡಿನಲ್ಲಿ ನಿಂತಿರುವ ಚತುರ್ಮುಖ ಬಸದಿಯನ್ನು ಒಮ್ಮೆ ನೋಡಿದವರು ಆ ಸ್ಥಳದ ವೈಭವವನ್ನು ಊಹಿಸಬಲ್ಲರು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. 1586ರಲ್ಲಿ ಕಾರ್ಕಳದಲ್ಲಿ ಕಟ್ಟಿದ ಬಸದಿಯದೂ ಇದೇ ವಿನ್ಯಾಸ. ಎರಡನ್ನೂ ಒಟ್ಟಿಗೆ ನೆನೆದಾಗ ಕರಾವಳಿಯ ಜೈನ ಅರಸುಮನೆತನಗಳ ಪರಸ್ಪರ ಸಂಬಂಧ ಕಣ್ಣೆದುರಿಗೆ ಬರುತ್ತದೆ. ಸುತ್ತ ಇರುವ ಬಸದಿಗಳ ಅವಶೇಷಗಳು ಮತ್ತು ಶಿಲಾಶಾಸನಗಳು ಇದೊಂದು ಹಳ್ಳಿಯಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ.

1623ರ ಅಕ್ಟೋಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ಪೋರ್ತುಗೀಜರ ರಾಯಭಾರಿಯೊಡನೆ ಈ ಮಾರ್ಗವಾಗಿಯೇ ಇಕ್ಕೇರಿಗೆ ಹೋದನು. ಗೋವೆಯಿಂದ ಹೊನ್ನಾವರದವರೆಗೆ ಕಡಲದಾರಿ; ಅಲ್ಲಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿ; ಅನಂತರ ಘಟ್ಟದ ದಾರಿ. ಜೊತೆಯಲ್ಲಿದ್ದವನು ಕೆಳದಿಯ ವೆಂಕಟಪ್ಪ ನಾಯಕನು ಗೋವೆಗೆ ಕಳುಹಿಸಿದ್ದ ವಿಠ್ಠಲ ಶೆಣೈ. ಘಟ್ಟದ ಮೇಲಿನ ವೀರಶೈವ ಅರಸನೊಬ್ಬ, ಅವನ ಪರವಾಗಿ ಕ್ರೈಸ್ತ ಸರಕಾರದೊಡನೆ ಮಾತಾಡುವ ಕೊಂಕಣಿ ಬ್ರಾಹ್ಮಣನೊಬ್ಬ, ಅವರು ಹಾದುಹೋಗುವುದು ಅಳಿದ ಜೈನ ರಾಜಧಾನಿಯ ಮೂಲಕ. ಈ ಒಂದು ದೋಣಿಯಲ್ಲಿ ಕುಳಿತವರನ್ನು ವಿವರಿಸಿದರೆ ಹದಿನೇಳನೆಯ ಶತಮಾನದ ಕರಾವಳಿಯ ರಾಜಕೀಯವನ್ನು ಅರ್ಧ ಪಾಠ ಮಾಡಿದಂತೆಯೇ. ದೆಲ್ಲಾ ವಾಲ್ಲೆ ಗೇರುಸೊಪ್ಪೆಯನ್ನು ಕಂಡಾಗ ರಾಣಿಯ ಪತನವಾಗಿ ಇಪ್ಪತ್ತು ವರ್ಷಗಳೂ ತುಂಬಿರಲಿಲ್ಲ; ಅವಳ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆಂದು ಗಣಿಸುತ್ತಾರೆ. ಅಷ್ಟರಲ್ಲಿಯೇ ನಗರವೂ ಅರಮನೆಯೂ ಪಾಳುಬಿದ್ದು ಮರಗಿಡಗಳು ಬೆಳೆದಿದ್ದವೆಂದು ಅವನು ಬರೆದಿದ್ದಾನೆ. ಪೋರ್ತುಗೀಜರು ಅವಳನ್ನು ಮೆಣಸಿನ ರಾಣಿಯೆಂದು ಕರೆಯುತ್ತಿದ್ದರೆಂಬ ಮಾತೂ ಅವನಲ್ಲಿಯೇ ಇದೆ.

ಈ ಬಿರುದಿನ ಕಥೆ ಸ್ವಾರಸ್ಯವಾಗಿದೆ. ರಾಣಿಯು ಅನ್ಯನೊಬ್ಬನಲ್ಲಿ ಅನುರಕ್ತಳಾಗಿ ರಾಜ್ಯವನ್ನು ಕಳೆದುಕೊಂಡಳೆಂದು ದೆಲ್ಲಾ ವಾಲ್ಲೆ ದಾರಿಯಲ್ಲಿ ಕೇಳಿದ ಕಥೆಯನ್ನು ಬರೆದಿಟ್ಟಿದ್ದಾನೆ. ಗೆದ್ದವರ ರಾಯಭಾರಿಯೊಡನೆ ಹೋಗುತ್ತಿದ್ದವನ ಕಿವಿಗೆ ಸೋತವಳ ವಿಷಯದಲ್ಲಿ ಬೀಳುವ ಮಾತು ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ. ಇಂದಿನ ಪ್ರವಾಸಗಳಲ್ಲಿ ಹೇಳುವ ಕಥೆ ಇದಕ್ಕೆ ತದ್ವಿರುದ್ಧ: ರಾಣಿ ವೀರಾಗ್ರಣಿ, ಪರಕೀಯರನ್ನು ಹಿಮ್ಮೆಟ್ಟಿಸಿದವಳು. ಒಂದರಲ್ಲಿ ನಿಂದೆ, ಇನ್ನೊಂದರಲ್ಲಿ ಸ್ತುತಿ. ಎರಡರಲ್ಲಿಯೂ ರಾಣಿ ಇದ್ದಾಳೆ, ಮೆಣಸಿಲ್ಲ. ಆ ಮೆಣಸನ್ನು ಯಾರು ಬೆಳೆದರು, ಯಾವ ದಾರಿಯಲ್ಲಿ ಇಳಿಸಿದರು, ಹೊಳೆಯ ಯಾವ ಕಟ್ಟೆಯಲ್ಲಿ ತೂಗಿದರು, ಸುಂಕ ಯಾರಿಗೆ ಸಂದಿತು? ಐವತ್ತು ವರ್ಷಕ್ಕೂ ಮಿಕ್ಕಿದ ಆಳ್ವಿಕೆಯನ್ನು ಎತ್ತಿಹಿಡಿದದ್ದು ಶೌರ್ಯವೊಂದೇ ಆಗಿರಲಾರದು. ಕೆಳದಿಯವರಿಗೆ ಗೇರುಸೊಪ್ಪೆ ಬೇಕಾದದ್ದೂ ಹೊಳೆಗಾಗಿ. ಘಟ್ಟದ ಮೇಲೆ ಎಷ್ಟು ಮೆಣಸಿದ್ದರೂ ಶರಾವತಿ ಇನ್ನೊಬ್ಬರ ಕೈಯಲ್ಲಿದ್ದರೆ ಬೆಲೆ ಆ ಇನ್ನೊಬ್ಬರದೇ. ರಾಣಿಯ ಗೌರವಕ್ಕೆ ಇದರಿಂದ ಕುಂದೇನೂ ಇಲ್ಲ. ಬಿರುದನ್ನು ಕೊಟ್ಟವರು ವ್ಯಾಪಾರಿಗಳು. ಅವರು ಮೆಚ್ಚಿದ್ದು ಏನನ್ನೆಂಬುದು ಬಿರುದಿನಲ್ಲಿಯೇ ಇದೆ.

ಹೊನ್ನಾವರವನ್ನು ಇಬ್ನ್ ಬತೂತ ಹದಿನಾಲ್ಕನೆಯ ಶತಮಾನದ ನಲವತ್ತರ ದಶಕದಲ್ಲಿ ಕಂಡಾಗ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುವೆಂದು ಹೇಳಿದ್ದಾನೆ. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಇಷ್ಟು ಶಾಲೆಗಳನ್ನು ಸಾಕಿದ ಊರು ಮರಳದಂಡೆಯ ಆದಾಯದಿಂದ ಸಾಕಿರಲಾರದು. 1505ರಲ್ಲಿ ಪೋರ್ತುಗೀಜರ ಅಲ್ಮೇಯ್ದ ಇದನ್ನು ಸುಟ್ಟನು. ಮುಂದೆ ಅವರದೇ ಕೋಟೆ ಇಲ್ಲಿ ಆಯಿತು. ಹೈದರ್ ಅಲಿ ಇಲ್ಲಿ ಹಡಗು ಕಟ್ಟಿಸಿದನು. 1783–84ರಲ್ಲಿ ಆಂಗ್ಲರ ಕಾವಲುಪಡೆ ಟಿಪ್ಪುವಿನ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆಯಿತು. ಇಂದು ಪ್ರವಾಸಿಗರು ಸೇತುವೆಯ ಮೇಲೆ ನಿಧಾನಿಸಿ ಹಿನ್ನೀರನ್ನು ನೋಡಿ ಮುಂದೆ ಸಾಗುತ್ತಾರೆ.

ನಮ್ಮ ವಾದಕ್ಕೆ ಒಂದು ಪ್ರತಿವಾದ ಉಂಟು. ಕರಾವಳಿಯ ಉದ್ದಕ್ಕೂ ಸಂಚಾರವಿರಲಿಲ್ಲವೇ? ಇತ್ತು. ಮಚವೆಗಳು ಬಂದರಿನಿಂದ ಬಂದರಿಗೆ ಹೋಗುತ್ತಿದ್ದವು. ದೆಲ್ಲಾ ವಾಲ್ಲೆಯ ಪ್ರಯಾಣದ ಮೊದಲ ಭಾಗವೇ ಉತ್ತರದಿಂದ ದಕ್ಷಿಣಕ್ಕೆ. ನೆಲದಾರಿಯೂ ಇತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ವೆಲ್ಲೆಸ್ಲಿಯ ಆಜ್ಞೆಯಂತೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಭಟ್ಕಳದಿಂದ ಉತ್ತರಕ್ಕೆ, ಹೊನ್ನಾವರ, ಮಿರ್ಜಾನ, ಗೋಕರ್ಣ, ಅಂಕೋಲೆಗಳ ಮೂಲಕ ಸದಾಶಿವಗಡದ ಕಡೆಗೆ ನೆಲದ ಮೇಲೆಯೇ ಹೋದನು. ನಮ್ಮ ಮೋಟಾರು ಪ್ರವಾಸ ಅವನ ದಾರಿಯನ್ನೇ ತಿರುಗುಮುರುಗಾಗಿ ನಡೆಯುತ್ತದೆಂದು ಹೇಳಬಹುದು. ಆದರೆ ಬುಕಾನನ್ ಪ್ರತಿಯೊಂದು ಹೊಳೆಯನ್ನೂ ದೋಣಿಯಲ್ಲಿ ದಾಟಬೇಕಾಗಿತ್ತು. ಆದುದರಿಂದ ಹೊಳೆ ಎಷ್ಟು ಅಗಲ, ದೋಣಿ ಎಲ್ಲಿಯವರೆಗೆ ಮೇಲೆ ಹೋಗುತ್ತದೆ, ಗಜನಿಯ ಗದ್ದೆಗಳಲ್ಲಿ ಉಪ್ಪುನೀರು ಎಷ್ಟು ದೂರ ನುಗ್ಗುತ್ತದೆ ಎಂಬಂಥ ಸಂಗತಿಗಳನ್ನು ಗಮನಿಸದೆ ಅವನಿಗೆ ಮುಂದೆ ಹೆಜ್ಜೆಯಿಡಲು ಸಾಧ್ಯವಿರಲಿಲ್ಲ. ನಮಗೆ ಸೇತುವೆಗಳಿವೆ. ಹೊಳೆ ಅರ್ಧ ನಿಮಿಷದ ದೃಶ್ಯ.

ಸೇತುವೆಯೂ ಚರಿತ್ರೆಯ ವಸ್ತುವೇ ಎಂಬುದನ್ನು ಇತ್ತೀಚಿನ ಘಟನೆಗಳು ನೆನಪಿಸಿವೆ. ಕಾರವಾರಕ್ಕೂ ಸದಾಶಿವಗಡಕ್ಕೂ ನಡುವಣ ಕಾಳಿಯ ಹಳೆಯ ಸೇತುವೆ 1980ರ ದಶಕದ ಆರಂಭದ್ದು. ಅದು ಸುಮಾರು ನಲವತ್ತು ವರ್ಷ ನಿಂತು 2024ರ ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ ಕುಸಿಯಿತು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜರಿದು ರಸ್ತೆಯನ್ನು ಮುಚ್ಚಿ ಗಂಗಾವಳಿಗೆ ಬಿತ್ತು. ಹಲವರು ಪ್ರಾಣ ಕಳೆದುಕೊಂಡರು. ಆ ಮಳೆಗಾಲದಲ್ಲಿ ಉತ್ತರದಕ್ಷಿಣದ ಸಂಚಾರ ಎಷ್ಟು ಹೊಸದು, ಎಷ್ಟು ಅಳ್ಳಕವಾದದ್ದು ಎಂಬುದು ಜಿಲ್ಲೆಯ ಜನಕ್ಕೆ ಅನುಭವಕ್ಕೆ ಬಂತು. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಅತ್ಯಂತ ಉದ್ದವಾದ ಸೇತುವೆ ಹೊನ್ನಾವರದ ಶರಾವತಿಯ ಮೇಲಿರುವುದು, ಎರಡು ಕಿಲೋಮೀಟರಿಗೂ ಹೆಚ್ಚು. ಈ ಹೊಳೆಗಳನ್ನು ಅಡ್ಡ ದಾಟುವುದಕ್ಕೆ ಎಷ್ಟು ಕಬ್ಬಿಣ, ಎಷ್ಟು ಸಿಮೆಂಟು ಬೇಕಾಯಿತೆಂಬುದನ್ನು ಯೋಚಿಸಿದರೆ, ಹಿಂದಿನವರು ಹೊಳೆಯ ಉದ್ದಕ್ಕೆ ಏಕೆ ಸಾಗಿದರೆಂಬುದು ತಾನಾಗಿಯೇ ವಿದಿತವಾಗುತ್ತದೆ.

ಮುರ್ಡೇಶ್ವರದಲ್ಲಿ ಪ್ರವಾಸಗಳು ಬಹಳ ಹೊತ್ತು ನಿಲ್ಲುತ್ತವೆ. ಅಲ್ಲಿಯ 123 ಅಡಿಯ ಶಿವಮೂರ್ತಿಯೂ ಇಪ್ಪತ್ತು ಅಂತಸ್ತಿನ ಗೋಪುರವೂ ಈ ಶತಮಾನದ ಮೊದಲ ದಶಕದ ನಿರ್ಮಾಣಗಳು. ಭಕ್ತರಿಗೆ ಅದು ಕ್ಷೇತ್ರ, ಅದರಲ್ಲಿ ನಮಗೆ ಆಕ್ಷೇಪವಿಲ್ಲ. ಚರಿತ್ರೆಯ ವಿದ್ಯಾರ್ಥಿಗಳಿಗೆ ಆ ಊರಿನಲ್ಲಿ ನೋಡಬೇಕಾದ ವೀರಗಲ್ಲುಗಳಿವೆ. ಆಳೆತ್ತರದ ಆ ಕಲ್ಲುಗಳ ಬಳಿ ನಿಲ್ಲಲು ಐದು ನಿಮಿಷವಾದರೂ ದೊರೆಯಲಿ ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ಭಟ್ಕಳವನ್ನು ಸೇರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಎಷ್ಟೋ ಪ್ರವಾಸಗಳು ಮುರ್ಡೇಶ್ವರದಲ್ಲಿಯೇ ಮುಗಿಯುತ್ತವೆ. ಭಟ್ಕಳ ಬೇಡವೆನ್ನುವವರು ಹೊತ್ತಾಯಿತೆಂಬ ಕಾರಣವನ್ನು ಹೇಳುತ್ತಾರೆ, ಹೇಳದ ಕಾರಣಗಳೂ ಇರುತ್ತವೆ. ಇಡೀ ಮಾರ್ಗದಲ್ಲಿ ಒಂದೇ ಊರಿಗೆ ಒಂದು ಪೂರ್ಣ ದಿನವನ್ನು ಕೊಡಬೇಕೆಂದಾದರೆ ನಾವು ಭಟ್ಕಳಕ್ಕೆ ಕೊಡುತ್ತೇವೆ. ವಿಜಯನಗರದ ಅಶ್ವಬಲಕ್ಕೆ ಬೇಕಾದ ಅರಬ್ಬೀ ಕುದುರೆಗಳು ಇಳಿದ ಮುಖ್ಯ ಬಂದರುಗಳಲ್ಲಿ ಇದೊಂದು. 1542ರಲ್ಲಿ ಮಾರ್ತಿಂ ಅಫೋನ್ಸು ದೆ ಸೋಸಾ ಇದನ್ನು ಧ್ವಂಸಮಾಡಿದನು. ಆಮೇಲೂ ಊರು ಸಾಯಲಿಲ್ಲ. 1637ರಲ್ಲಿ ಆಂಗ್ಲರ ವೆಡೆಲ್ಲನ ಹಡಗುಗಳು ಇಲ್ಲಿಗೆ ಬಂದಾಗ, ಪೀಟರ್ ಮಂಡಿ ಎಂಬವನು ವ್ಯಾಪಾರದ ಅನುಮತಿಗಾಗಿ ಹೋದ ತಂಡದೊಡನೆ ಘಟ್ಟವೇರಿ ಇಕ್ಕೇರಿಯಲ್ಲಿ ವೀರಭದ್ರ ನಾಯಕನನ್ನು ಕಂಡನು. ಮತ್ತೆ ಅದೇ ದಾರಿ: ಬಂದರಿನ ಬಾಗಿಲ ಕೀಲಿಕೈ ಘಟ್ಟದ ಮೇಲಿತ್ತು.

ಊರಿನಲ್ಲಿ ಕಾಲುನಡಿಗೆಯಲ್ಲಿಯೇ ನೋಡಬಹುದಾದ ದೂರದಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ, ವರ್ತಕನಾದ ಕೇತಪೈ ಕಟ್ಟಿಸಿದ ನಾರಾಯಣ ದೇವಾಲಯ, ನವಾಯತರ ಹಳೆಯ ಮಸೀದಿಗಳು ಇವೆ. ದೇವಾಲಯದ ಮತ್ತು ಬಸದಿಯ ಇಳಿಜಾರಾದ ಕಲ್ಲುಹಾಸಿನ ಮಾಡನ್ನೂ, ಮರದ ಕೆಲಸವನ್ನು ಕಲ್ಲಿನಲ್ಲಿ ಅನುಕರಿಸಿದ ಜಾಲಂದರಗಳನ್ನೂ ಒಟ್ಟಿಗೆ ನೋಡಿದವನು, ಮತ ಬೇರೆಯಾದರೂ ಮಳೆ ಒಂದೇ ಎಂಬುದನ್ನು ಅಲ್ಲಿಯ ಶಿಲ್ಪಿಗಳು ಚೆನ್ನಾಗಿ ಅರಿತಿದ್ದರೆಂದು ಒಪ್ಪುತ್ತಾನೆ. ಕೇತಪೈಯ ದೇವಾಲಯವನ್ನು ಅರಸನು ಕಟ್ಟಿಸಲಿಲ್ಲವೆಂಬುದು ಮುಖ್ಯ. ನಮ್ಮ ಪ್ರವಾಸಗಳು ರಾಜರನ್ನು ಹುಡುಕಿಕೊಂಡು ಹೋಗುತ್ತವೆ. ಇಲ್ಲಿ ಒಬ್ಬ ವ್ಯಾಪಾರಿ ತನ್ನ ಹೆಸರನ್ನು ಕಲ್ಲಿನ ಕಟ್ಟಡಕ್ಕೆ ಅಂಟಿಸಿ ಹೋಗಿದ್ದಾನೆ. ಊರಿನ ಬೀದಿಗಳ ಇಂದಿನ ಹೆಸರು ಪತ್ರಿಕೆಗಳಲ್ಲಿ ಏನೇ ಇರಲಿ, ಈ ಮೂರು ಬಗೆಯ ಕಟ್ಟಡಗಳನ್ನು ಒಂದೇ ಬೆಳಿಗ್ಗೆ ನೋಡಿದ ವಿದ್ಯಾರ್ಥಿಯ ತಿಳಿವಳಿಕೆಯನ್ನು ಪತ್ರಿಕೆ ಸುಲಭವಾಗಿ ಕದಲಿಸಲಾರದು.

ಭಟ್ಕಳದಿಂದ ಒಳನಾಡಿನಲ್ಲಿರುವ ಹಾಡುವಳ್ಳಿಯ ಮಾತಂತೂ ಪಟ್ಟಿಗಳಲ್ಲಿ ಇಲ್ಲವೇ ಇಲ್ಲ. ಸಂಗೀತಪುರವೆಂಬ ಹೆಸರಿನಿಂದ ಶಾಸನಗಳಲ್ಲಿ ಕಾಣುವ ಈ ಊರು ಸಾಳ್ವ ಅರಸರ ನೆಲೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಭಟ್ಟಾಕಳಂಕದೇವನು ಹಾಡುವಳ್ಳಿಯ ಮಠದ ಪರಂಪರೆಗೆ ಸೇರಿದವನು. ಕನ್ನಡ ವ್ಯಾಕರಣದ ತರಗತಿಯಲ್ಲಿ ಅವನ ಹೆಸರನ್ನು ಉರುಹೊಡೆದ ವಿದ್ಯಾರ್ಥಿಗಳು ಅವನ ಗುರುಪೀಠದಿಂದ ಹತ್ತು ಹದಿನೈದು ಕಿಲೋಮೀಟರು ದೂರದ ಹೆದ್ದಾರಿಯಲ್ಲಿ ಹಾಡು ಹೇಳುತ್ತ ಸಾಗಿಹೋಗುತ್ತಾರೆ. ಭಾಷೆಯ ವಿಭಾಗದವರೂ ಚರಿತ್ರೆಯ ವಿಭಾಗದವರೂ ಒಂದೇ ಬಸ್ಸಿನಲ್ಲಿ ಹೋಗಬೇಕೆಂಬ ನಮ್ಮ ಹಳೆಯ ಸೂಚನೆಯನ್ನು ಇಲ್ಲಿ ಮತ್ತೊಮ್ಮೆ ಮುಂದಿಡುತ್ತೇವೆ.

ಹಾಗಾದರೆ ಮಾಡತಕ್ಕದ್ದೇನು? ಹೆದ್ದಾರಿಯ ಪಟ್ಟಿಗೆ ಇನ್ನೂ ನಾಲ್ಕು ಊರುಗಳನ್ನು ಸೇರಿಸುವುದರಿಂದ ಪ್ರಯೋಜನವಿಲ್ಲ. ಪ್ರತಿ ಊರಿಗೆ ದೊರೆಯುವ ನಿಮಿಷಗಳು ಇನ್ನಷ್ಟು ಕಡಿಮೆಯಾದಾವು. ಐದು ಹೊಳೆಗಳ ಬದಲು ಒಂದು ಹೊಳೆಯನ್ನು ಆರಿಸಿಕೊಳ್ಳುವುದು ಮೇಲು. ಅಧ್ಯಾಪಕರು ಶರಾವತಿಯಿಂದ ಆರಂಭಿಸಬಹುದು. ಮೊದಲ ದಿನ ಹೊನ್ನಾವರದ ಬಂದರು, ಅಳಿವೆ, ಎದುರಿಗೆ ಕಡಲಲ್ಲಿ ಕಾಣುವ ಬಸವರಾಜದುರ್ಗದ ದ್ವೀಪ. ಮಧ್ಯಾಹ್ನ ಹೊಳೆಯ ಪಕ್ಕದ ರಸ್ತೆಯಲ್ಲಿ ಗೇರುಸೊಪ್ಪೆ, ನಗರಬಸ್ತಿಕೇರಿಯ ಬಸದಿಗಳು. ಎರಡನೆಯ ದಿನ ಘಟ್ಟವೇರಿ ಸಾಗರ ತಾಲ್ಲೂಕಿನ ಇಕ್ಕೇರಿ, ಅಘೋರೇಶ್ವರ ದೇವಾಲಯ, ಹೊತ್ತಿದ್ದರೆ ಕೆಳದಿ. ನಡುವೆ ಒಂದು ಗಳಿಗೆ ದೋಣಿಯಲ್ಲಿ ಕುಳಿತರೆ ಒಳ್ಳೆಯದು. ಭರತದ ನೀರು ಎತ್ತ ಹರಿಯುತ್ತದೆಂಬುದನ್ನು ನೋಡಿದವನಿಗೆ ಹೊನ್ನಾವರದಿಂದ ಸರಕುದೋಣಿ ಮೇಲಕ್ಕೆ ಹೇಗೆ ಹೋಯಿತೆಂದು ಪುಸ್ತಕ ತೆರೆದು ತೋರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೂ ಮುಂದೆ ಗೇರುಸೊಪ್ಪೆಯದೂ ಆದ ಮೇಲೆ ಹೊಳೆಯ ನಡತೆ ಬದಲಾಗಿದೆಯೆಂಬುದನ್ನು ಮಾತ್ರ ಜೊತೆಯಲ್ಲಿಯೇ ಹೇಳಬೇಕು. ಮುಂದಿನ ವರ್ಷ ಅಘನಾಶಿನಿ, ಅದರ ಮುಂದಿನ ವರ್ಷ ಕಾಳಿ.

ಕಾಲದ ವಿಷಯದಲ್ಲಿ ದೆಲ್ಲಾ ವಾಲ್ಲೆಯನ್ನೇ ಅನುಸರಿಸಬಹುದು. ಅವನು ಮಳೆಗಾಲ ಮುಗಿದೊಡನೆ ಹೊರಟು ನವೆಂಬರಿನಲ್ಲಿ ಇಕ್ಕೇರಿಯಲ್ಲಿದ್ದನು. ಕಾಲೇಜುಗಳಿಗೂ ಆಗ ದೀಪಾವಳಿಯ ರಜೆಯ ಆಸುಪಾಸು. ಒಂದು ತೊಡಕಿದೆ. ಈ ಪ್ರವಾಸ ಉತ್ತರ ಕನ್ನಡದಲ್ಲಿ ಹೊರಟು ಶಿವಮೊಗ್ಗ ಜಿಲ್ಲೆಯಲ್ಲಿ ಮುಗಿಯುತ್ತದೆ; ‘ಕರಾವಳಿ ಜಿಲ್ಲೆಯ ಐತಿಹಾಸಿಕ ಸ್ಥಳಗಳು’ ಎಂಬ ಶೀರ್ಷಿಕೆಯ ಅಡಿಯಲ್ಲಿ ಇಕ್ಕೇರಿಯ ಖರ್ಚನ್ನು ತೋರಿಸಿದರೆ ಲೆಕ್ಕಪತ್ರದವರು ಪ್ರಶ್ನಿಸಬಹುದು. ವೆಂಕಟಪ್ಪ ನಾಯಕನ ಸುಂಕದವರು ಹೊನ್ನಾವರದ ಹೊಳೆಯ ಲೆಕ್ಕವನ್ನು ಇಕ್ಕೇರಿಗೆ ಒಪ್ಪಿಸುತ್ತಿದ್ದರೆಂದು ಅರ್ಜಿಯಲ್ಲಿಯೇ ಬರೆದು ಕಳುಹಿಸುವುದು ಒಳ್ಳೆಯದು.